ಈಜು ಬರುತ್ತದೆಯೇ? ಇಲ್ಲ

ನಮ್ಮ ಬಡಾವಣೆಯ ಮಹಿಳಾ ಮಂಡಳದ ಅಧ್ಯಕ್ಷೆ ಮೊನ್ನೆ ಮನೆಗೆ ಬಂದಿದ್ದರು. ಮಂಡಳದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕಂತೆ. ‘ಅಕ್ಕೋರ, ನೀವು ಫಿಜಿಗೆ ಹೋಗಿ ಬಂದೀರಲ್ಲ, ಅಲ್ಲಿ ಏನೇನ್ ನೋಡಬೇಕು, ಏನೇನ್ ಮಾಡಬೇಕು ಅಂತ ಎರಡು ಪುಟ ಬರದು ಕೊಡ್ರಿ. ಮುಂದ ಹೋಗೋರಿಗೆ ಉಪಯೋಗ ಆಗ್ತೈತಿ’ ಎಂದರು. ಧಾರವಾಡದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು ನಾನು. ಊರಿನ ಅರ್ಧಕ್ಕರ್ಧ ಹೆಂಗಸರಿಗೆ ಇವತ್ತಿಗೂ ನಾನು ಅಕ್ಕೋರೇ. ಇಲ್ಲ ಅನ್ನಲು ಬರಲಿಲ್ಲ.

ಬರೆಯಲು ಕೂತೆ. ಮೊದಲ ಪುಟ ಸಲೀಸಾಗಿ ತುಂಬಿತು. ನೆಲದೊಳಗಿಂದ ಬಿಸಿನೀರು ಉಕ್ಕುವ ಹೊಂಡಗಳಿವೆ, ಮೈಗೆಲ್ಲ ಕೆಸರು ಬಳಿದುಕೊಂಡು ಒಣಗಿದ ಮೇಲೆ ಅದರಲ್ಲಿ ಇಳಿಯಬೇಕು ಎಂದು ಬರೆದೆ. ಹಳ್ಳಿಗೆ ಹೋದರೆ ಚಾಪೆಯ ಮೇಲೆ ಕೂಡಿಸಿ, ಒಂದು ಬೇರಿನ ಪುಡಿಯನ್ನು ನೀರಿನಲ್ಲಿ ಹಿಂಡಿ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ, ಕುಡಿಯುವ ಮೊದಲು ಒಂದು ಸಲ ಚಪ್ಪಾಳೆ ತಟ್ಟಬೇಕು, ಕುಡಿದ ಮೇಲೆ ಮೂರು ಸಲ, ನಾಲಿಗೆ ಜುಮ್ಮೆನ್ನುತ್ತದೆ ಎಂದು ಬರೆದೆ. ಮರದ ತೊಗಟೆಯನ್ನು ಬಡಿದು ಬಟ್ಟೆ ಮಾಡುತ್ತಾರೆ, ಅದರ ಮೇಲೆ ಕಪ್ಪು ಕಂದು ಬಣ್ಣದ ಚಿತ್ತಾರ ಬಿಡಿಸುತ್ತಾರೆ, ಸಂತೆಯಲ್ಲಿ ತೋಳುದ್ದದ ಗೆಡ್ಡೆಗಳನ್ನು ಒಟ್ಟಿರುತ್ತಾರೆ ಎಂದೂ ಬರೆದೆ. ಬರೆದದ್ದನ್ನು ಓದಿಕೊಂಡಾಗ ಮೈ ಉರಿಯಿತು. ಇದರಲ್ಲಿ ಮುಕ್ಕಾಲು ಪಾಲು ನಾನು ಕಂಡದ್ದೇ ಅಲ್ಲ. ಟೂರಿನವರ ಬಣ್ಣದ ಹಾಳೆಯಲ್ಲಿ ಓದಿದ್ದು, ಉಳಿದವರು ಹೋಗಿ ಬಂದು ಹೇಳಿದ್ದು. ಅವರು ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲಿ ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ.

ಹಾಳೆ ಹರಿದು ಹಾಕಿದೆ. ನಾನು ಅಲ್ಲಿ ನೋಡಬೇಕೆಂದಿದ್ದದ್ದು ಒಂದೇ ಒಂದು, ಮಾಡಬೇಕೆಂದಿದ್ದದ್ದೂ ಒಂದೇ. ಅದನ್ನೇ ಬರೆಯುತ್ತೇನೆ. ಮಂಡಳದವರು ಬೇಕಾದರೆ ಅಚ್ಚು ಹಾಕಲಿ, ಬೇಡವಾದರೆ ಬಿಡಲಿ.

ಎಂಟನೆಯ ಇಯತ್ತೆಗೆ ಹವಳದ ದಿಬ್ಬಗಳ ಪಾಠವಿತ್ತು. ಸಮುದ್ರದ ತಳದಲ್ಲಿ ಸಾಸಿವೆಯಷ್ಟು ಸಣ್ಣ ಜೀವಿಗಳು ಒಂದರ ಮೇಲೊಂದು ಸುಣ್ಣದ ಮನೆ ಕಟ್ಟಿಕೊಳ್ಳುತ್ತ ಹೋಗಿ ದ್ವೀಪಕ್ಕೆ ಕೋಟೆಯಂತೆ ನಿಲ್ಲುವುದನ್ನು ನಾನು ಪ್ರತಿ ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬಿಡಿಸುತ್ತಿದ್ದೆ. ನೀಲಿ ನೀರು, ಹಸಿರು ದ್ವೀಪ, ನಡುವೆ ಗುಲಾಬಿ ಬಣ್ಣದ ಉಂಗುರ. ಪ್ರತಿ ವರ್ಷವೂ ಯಾವಳಾದರೂ ಒಬ್ಬ ಹುಡುಗಿ ಎದ್ದು ನಿಂತು ಕೇಳುತ್ತಿದ್ದಳು: ‘ಅಕ್ಕೋರ, ನೀವು ನೋಡೀರೇನ್ರಿ?’ ಇಲ್ಲ ಎನ್ನುತ್ತಿದ್ದೆ. ಒಂದು ವರ್ಷ, ಯಾವ ವರ್ಷವೆಂದು ಹೇಳುವುದಿಲ್ಲ, ಆ ದಿನ ಮನೆಯಲ್ಲಿ ಏನೋ ಕಿರಿಕಿರಿಯಾಗಿತ್ತು, ನನಗೂ ಸಾಕಾಗಿತ್ತು. ‘ಹ್ಞೂಂ, ನೋಡೇನಿ’ ಎಂದುಬಿಟ್ಟೆ. ‘ಹೆಂಗಿರ್ತೈತ್ರಿ?’ ಎಂದಳು. ಬಾಯಿಗೆ ಬಂದದ್ದನ್ನು ಹೇಳಿದೆ. ಇಡೀ ವರ್ಗ ಬಾಯಿ ತೆರೆದುಕೊಂಡು ಕೇಳಿತು. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಲಿಸಿದ ಸುಳ್ಳು ಅದೊಂದೇ, ಅದು ನನ್ನನ್ನು ಬಿಡಲೇ ಇಲ್ಲ. ಸಾಯುವ ಮೊದಲು ಒಮ್ಮೆ ಆ ನೀರಿನಲ್ಲಿ ತಲೆ ಮುಳುಗಿಸಿ ನೋಡಬೇಕು, ಆ ಸುಳ್ಳನ್ನು ಖರೆ ಮಾಡಬೇಕು ಎಂದು ನನ್ನೊಳಗೇ ಅಂದುಕೊಂಡಿದ್ದೆ.

ನಿವೃತ್ತಿಯಾದ ಎರಡು ವರ್ಷಕ್ಕೆ ಹುಬ್ಬಳ್ಳಿಯ ಒಬ್ಬ ಟೂರಿನವರು ಫಿಜಿಗೆ ಮಂದಿಯನ್ನು ಕರೆದೊಯ್ಯುತ್ತಾರೆಂದು ತಿಳಿಯಿತು. ಅವರು ಮೊದಲು ಹತ್ತಿಯ ವ್ಯಾಪಾರದವರು, ಎಲ್ಲರೂ ಅವರನ್ನು ಸಾಹುಕಾರ್ರು ಎಂದೇ ಕರೆಯುತ್ತಿದ್ದರು. ಅವರ ಹಾಳೆಯಲ್ಲಿ ಹವಳದ ದಿಬ್ಬಕ್ಕೆ ದೋಣಿ ಪ್ರವಾಸ ಎಂದು ದಪ್ಪ ಅಕ್ಷರದಲ್ಲಿತ್ತು. ಅದಕ್ಕಿಂತ ದಪ್ಪ ಅಕ್ಷರದಲ್ಲಿ ‘ಶುದ್ಧ ಸಸ್ಯಾಹಾರ, ನಮ್ಮದೇ ಅಡಿಗೆಯವರು’ ಎಂದಿತ್ತು. ನಮ್ಮ ಮನೆಯವರು ಒಪ್ಪಿದ್ದು ಎರಡನೆಯದನ್ನು ಓದಿ.

ನಮ್ಮ ಮನೆಯವರೆಂದರೆ ನನ್ನ ಗಂಡ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅಕ್ಷರ ಮುತ್ತು ಪೋಣಿಸಿದಂತೆ. ಅದಕ್ಕೇ ಎಲ್ಲಿ ಹೋದರೂ ಅರ್ಜಿ ತುಂಬುವ ಕೆಲಸ ಅವರದೇ. ನಮ್ಮ ಕಡೆ ಇದೊಂದು ಪದ್ಧತಿ. ಮದುವೆಗೆ ಬಸ್ಸು ಮಾಡಿಕೊಂಡು ಹೋಗಲಿ, ಯಾತ್ರೆಗೆ ಹೋಗಲಿ, ಎಲ್ಲರ ಕಾಗದಪತ್ರ ಒಬ್ಬರ ಚೀಲದಲ್ಲಿರಬೇಕು, ಎಲ್ಲರ ಪರವಾಗಿ ಅವರೊಬ್ಬರೇ ಬರೆಯಬೇಕು, ಉಳಿದವರು ಅವರು ಬೆರಳಿಟ್ಟ ಕಡೆ ಸಹಿ ಮಾಡಬೇಕು. ಓದಿ ನೋಡುತ್ತೇನೆ ಎಂದರೆ ನಂಬಿಕೆ ಇಲ್ಲವೇ ಎಂದು ಮುಖ ಸಣ್ಣದು ಮಾಡುತ್ತಾರೆ. ನಾನು ಮದುವೆಯಾದ ಮರುವಾರದಿಂದ ಹೀಗೆ ಸಹಿ ಮಾಡುತ್ತ ಬಂದಿದ್ದೇನೆ. ಏನೇನಕ್ಕೆ ಮಾಡಿದ್ದೇನೆಂದು ದೇವರಿಗೇ ಗೊತ್ತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮೊದಲ ಪೆಟ್ಟು ಬಿತ್ತು. ಅಡಿಗೆಯವರ ಪಾಸ್‌ಪೋರ್ಟಿನ ಅವಧಿ ಮುಗಿಯಲು ಬರೀ ನಾಲ್ಕು ತಿಂಗಳಿತ್ತು. ಆರು ತಿಂಗಳಾದರೂ ಇರದಿದ್ದರೆ ವಿಮಾನ ಹತ್ತಿಸುವುದಿಲ್ಲ ಎಂದರು. ಸಾಹುಕಾರ್ರು ಎರಡು ತಿಂಗಳಿನಿಂದ ಆ ಪಾಸ್‌ಪೋರ್ಟನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡಿದ್ದರು, ಒಮ್ಮೆಯೂ ತೆರೆದು ನೋಡಿರಲಿಲ್ಲ. ಅಡಿಗೆಯವರು ಬೇಸರದಿಂದ ಹುಬ್ಬಳ್ಳಿಯ ಬಸ್ಸು ಹಿಡಿಯಲು ಹೋದರು. ಸಾಹುಕಾರ್ರ ಮುಖ ಒಂದು ಕ್ಷಣ ಕಪ್ಪಿಟ್ಟಿತು, ಮರುಕ್ಷಣ ನಗು ಬಂತು. ‘ಚಿಂತಿ ಮಾಡಬ್ಯಾಡ್ರಿ, ಹೆಂಗೂ ಹೆಣ್ಮಕ್ಕಳು ಹನ್ನೊಂದು ಮಂದಿ ಅದಾರಲ್ಲ’ ಎಂದರು. ಗಂಡಸರೆಲ್ಲ ಹೌದು ಹೌದು ಎಂದರು. ಹನ್ನೊಂದು ಮಂದಿಯಲ್ಲಿ ಒಬ್ಬರೂ ಬಾಯಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ವಿಮಾನದಲ್ಲಿ ಇಳಿಯುವ ಮೊದಲು ಒಂದು ಚೀಟಿ ಕೊಟ್ಟರು. ಆಹಾರ ತಂದಿದ್ದೀರಾ, ಬೀಜ ತಂದಿದ್ದೀರಾ, ಕಾಳು ಪುಡಿ ತಂದಿದ್ದೀರಾ ಎಂದು ಅದರಲ್ಲಿ ಪ್ರಶ್ನೆಗಳು. ದ್ವೀಪದವರಿಗೆ ಹೊರಗಿನ ಹುಳುಹುಪ್ಪಡಿ ಬಂದು ತಮ್ಮ ಬೆಳೆ ಹಾಳಾದೀತೆಂಬ ಭಯ, ಅದು ನ್ಯಾಯವೇ. ನಮ್ಮ ಮನೆಯವರು ಇಪ್ಪತ್ತೆರಡು ಚೀಟಿಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಎಲ್ಲದಕ್ಕೂ ಸರಸರನೆ ‘ಇಲ್ಲ’ ಎಂದು ಗುರುತು ಹಾಕಿದರು. ಇಲ್ಲ ಅಂದರೆ ಕೆಲಸ ಲಗೂ ಮುಗಿಯುತ್ತದೆ ಎಂಬುದು ಅವರ ಬ್ಯಾಂಕಿನ ಅನುಭವ. ನಾನು ನಿದ್ದೆಗಣ್ಣಲ್ಲಿ ಸಹಿ ಮಾಡಿದೆ.

ನನ್ನ ಪೆಟ್ಟಿಗೆಯಲ್ಲಿ ಎಂಬತ್ತು ಖಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಹಿಂಡಿ, ಒಂದು ಡಬ್ಬಿ ಗುರೆಳ್ಳು ಹಿಂಡಿ, ಹೀಗೆ ಮೂರು ಡಬ್ಬಿ ಚಟ್ನಿಪುಡಿ ಇದ್ದವು. ಅವರ ಕಣ್ಣ ಮುಂದೆಯೇ ನಾನು ಅವನ್ನು ಕಟ್ಟಿದ್ದೆ, ಅವರೇ ಪೆಟ್ಟಿಗೆಯ ಮೇಲೆ ಕೂತು ಕೀಲಿ ಹಾಕಿದ್ದರು. ಅಲ್ಲಿಯ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಪೆಟ್ಟಿಗೆ ತೆರೆಸಿದರು. ಒಂದೊಂದೇ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಚೀಟಿ ನನ್ನ ಮುಂದಿಟ್ಟು, ಈ ಸಹಿ ನಿಮ್ಮದೇ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಇಲ್ಲ ಎಂದು ಯಾಕೆ ಬರೆದಿರಿ ಎಂದರು. ನಾನು ಬರೆದದ್ದಲ್ಲ ಎಂದು ಹೇಳಲು ಬಾಯಿ ತೆರೆದೆ, ಹಿಂದೆ ತಿರುಗಿ ನೋಡಿದೆ. ನಮ್ಮ ಮನೆಯವರು ದೂರದಲ್ಲಿ ಇನ್ಯಾರದೋ ಪೆಟ್ಟಿಗೆಯ ಗಾಲಿ ಸರಿಪಡಿಸುತ್ತಿದ್ದರು. ನನ್ನ ಜೀವಮಾನದಲ್ಲಿ ಸುಳ್ಳು ಬರೆದ ಹುಡುಗಿಯರನ್ನು ವರ್ಗದಲ್ಲಿ ನಿಲ್ಲಿಸಿದವಳು ನಾನು, ಅವತ್ತು ನಾನೇ ಎರಡು ತಾಸು ಗೋಡೆಗೆ ನಿಂತೆ. ರೊಟ್ಟಿ, ಹಿಂಡಿ ಎಲ್ಲ ಹಳದಿ ಚೀಲದಲ್ಲಿ ಹೋದವು. ಹೊರಗೆ ಬಂದಾಗ ಸಾಹುಕಾರ್ರು, ‘ಅಕ್ಕೋರ, ಕಲಿತವರಾಗಿ ನೀವು ಸ್ವಲ್ಪ ನೋಡಿ ಬರೀಬೇಕಿತ್ತು’ ಎಂದರು. ನಮ್ಮ ಮನೆಯವರು ಪಕ್ಕದಲ್ಲೇ ಪೆಟ್ಟಿಗೆಗಳನ್ನು ಎಣಿಸುತ್ತಿದ್ದರು.

ಇನ್ನು ಮೇಲೆ ಓದದೆ ಯಾವ ಕಾಗದಕ್ಕೂ ಸಹಿ ಮಾಡುವುದಿಲ್ಲ ಎಂದು ಅವತ್ತು ನಿರ್ಧಾರ ಮಾಡಿದೆ. ಐದು ದಿನವೂ ಉಳಿಯದ ನಿರ್ಧಾರ ಅದು.

ನಾವು ಇಳಿದುಕೊಂಡದ್ದು ಸಮುದ್ರದ ದಂಡೆಯ ಮೇಲಿನ ಎರಡು ದೊಡ್ಡ ಮನೆಗಳಲ್ಲಿ. ಅಡಿಗೆಮನೆಯ ಕಿಟಕಿ ನೀರಿಗೇ ತೆರೆದುಕೊಂಡಿತ್ತು. ದಂಡೆಯ ಹತ್ತಿರ ನೀರು ತಿಳಿ ಹಸಿರು, ಆಚೆ ಕಡುನೀಲಿ, ಎರಡರ ನಡುವೆ ಉದ್ದಕ್ಕೂ ಒಂದು ಬಿಳಿ ನೊರೆಯ ಗೆರೆ. ಆ ಗೆರೆಯ ಕೆಳಗೆ ಹವಳದ ದಿಬ್ಬವಿರುತ್ತದೆ, ಅಲೆ ಅದಕ್ಕೆ ಬಡಿದು ಒಡೆಯುತ್ತದೆ. ನಾನು ಹಲಗೆಯ ಮೇಲೆ ಬಿಡಿಸುತ್ತಿದ್ದದ್ದು ಕಣ್ಣೆದುರಿಗೆ ಇತ್ತು. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದವರಿಗೆ ತೋರಿಸಿದೆ. ಅವರು ‘ಹೌದೇನ್ರಿ’ ಎಂದು ಉಪ್ಪು ಕೇಳಿದರು.

ಹೆಂಗಸರಲ್ಲಿ ಎರಡು ಪಾಳಿ ಮಾಡಿದ್ದರು, ಒಂದು ದಿನ ಒಂದು ಪಾಳಿ ಅಡಿಗೆ, ಇನ್ನೊಂದು ಪಾಳಿ ತಿರುಗಾಟ. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ನನ್ನ ತಿರುಗಾಟದ ಪಾಳಿ ಬಂದ ದಿನವೂ ಯಾರಾದರೂ ಒಬ್ಬರು, ‘ಅಕ್ಕೋರಿಗೆ ಮೊಣಕಾಲು ನೋವು ಐತಿ, ಅಷ್ಟು ದೂರ ನಡಿಯೋದು ಬ್ಯಾಡ, ಮನ್ಯಾಗ ಆರಾಮ ಇರ್ಲಿ’ ಎನ್ನುತ್ತಿದ್ದರು. ಬಹಳ ಸಲ ಹಾಗೆ ಅಂದವರು ನಮ್ಮ ಮನೆಯವರೇ. ಬಸ್ಸಿನಲ್ಲಿ ಕೂತು ಜಲಪಾತ ನೋಡಲು ಬಾರದ ಮೊಣಕಾಲಿಗೆ ಒಲೆಯ ಮುಂದೆ ನಾಲ್ಕು ತಾಸು ನಿಲ್ಲಲು ಬರುತ್ತಿತ್ತು. ಇದನ್ನು ಕನಿಕರ ಎಂದು ಕರೆಯುತ್ತಿದ್ದರು, ನನಗೆ ಹಲ್ಲು ಕಡಿಯುವಂತಾಗುತ್ತಿತ್ತು. ಆದರೂ ಸುಮ್ಮನಿದ್ದೆ, ಯಾಕೆಂದರೆ ಆರನೆಯ ದಿನ ದೋಣಿಯಿತ್ತು. ಆ ದಿನ ಎಲ್ಲರೂ ಹೋಗುವುದೆಂದು ಗೊತ್ತಾಗಿತ್ತು. ಮಿಕ್ಕ ಐದು ದಿನ ಬೇಕಾದರೆ ಇವರು ತಿನ್ನಲಿ, ಆರನೆಯದು ನನ್ನದು ಎಂದು ಎಣಿಸುತ್ತ ಚಪಾತಿ ಲಟ್ಟಿಸಿದೆ.

ಐದನೆಯ ದಿನ ಮಧ್ಯಾಹ್ನ ದೋಣಿಯವರ ಕಡೆಯಿಂದ ಅರ್ಜಿಗಳು ಬಂದವು. ನಮ್ಮ ಮನೆಯವರು ಊಟದ ಟೇಬಲ್ಲಿನ ಮೇಲೆ ಎಲ್ಲವನ್ನೂ ಹರಡಿಕೊಂಡು ತುಂಬಿದರು. ನಾನು ಹಿಟ್ಟಿನ ಕೈಯಲ್ಲಿದ್ದೆ. ಅವರು ಹಾಳೆ ತಂದು ಕಟ್ಟೆಯ ಮೇಲಿಟ್ಟು ಬೆರಳಿಟ್ಟರು. ‘ಇಲ್ಲಿ ಮಾಡು.’ ಕೈ ತೊಳೆದು ಬರುತ್ತೇನೆ, ಓದಿ ಮಾಡುತ್ತೇನೆ ಎಂದೆ. ‘ಅವ್ರು ಬಾಗಿಲದಾಗ ನಿಂತಾರ, ಲಗೂ ಮಾಡು’ ಎಂದರು. ಮಾಡಿದೆ. ಹೆಬ್ಬೆರಳಿನ ಹಿಟ್ಟು ಹಾಳೆಯ ಮೂಲೆಗೆ ಅಂಟಿತು.

ಮರುದಿನ ಮುಂಜಾನೆ ನಾನು ಚೂಡಿದಾರದ ಒಳಗೆ ಈಜುಡುಗೆ ತೊಟ್ಟುಕೊಂಡೇ ದೋಣಿ ಹತ್ತಿದೆ. ಒಂದು ತಾಸಿನ ದಾರಿ. ದೋಣಿಯಲ್ಲಿ ಸುರಕ್ಷತೆ ನೋಡಿಕೊಳ್ಳುವವಳು ಒಬ್ಬ ಗಟ್ಟಿಮುಟ್ಟಾದ ಹೆಂಗಸು, ನಲವತ್ತರ ಆಸುಪಾಸು. ಅವಳ ಮುತ್ತಜ್ಜನ ಕಾಲದಲ್ಲಿ ಕಬ್ಬಿನ ಕೆಲಸಕ್ಕೆ ಹಿಂದುಸ್ತಾನದಿಂದ ಹೋದ ಮನೆತನವಂತೆ, ಅವಳ ಹಿಂದಿ ನಮ್ಮ ಹಿಂದಿಗಿಂತ ಬೇರೆ, ಆದರೆ ತಿಳಿಯುತ್ತಿತ್ತು. ನೀರು ತಿಳಿಯಾದ ಒಂದು ಜಾಗದಲ್ಲಿ ಲಂಗರು ಹಾಕಿದರು. ಬಗ್ಗಿ ನೋಡಿದರೆ ಕೆಳಗೆ ಕಂದು, ಹಳದಿ, ನೇರಳೆ ನೆರಳುಗಳು ಅಲುಗಾಡುತ್ತಿದ್ದವು. ಅವಳು ಪ್ಲಾಸ್ಟಿಕ್ ಹೊದಿಕೆಯೊಳಗಿನ ಅರ್ಜಿಗಳನ್ನು ನೋಡುತ್ತ ನೀರಿಗಿಳಿಯುವವರ ಹೆಸರು ಓದಿದಳು. ಹನ್ನೊಂದು ಹೆಸರು. ಹನ್ನೊಂದೂ ಗಂಡಸರವು.

ನನ್ನದು ಬಿಟ್ಟು ಹೋಗಿದೆ ಎಂದು ಹೋಗಿ ಕೇಳಿದೆ. ಅವಳು ಹುಡುಕಿ ನನ್ನ ಹಾಳೆ ತೆಗೆದಳು. ಈಜು ಬರುತ್ತದೆಯೇ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದಿತ್ತು. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ನನ್ನ ಹಿಟ್ಟಿನ ಬೆರಳು. ಈಜು ಬಾರದವರನ್ನು ಇಲ್ಲಿ ಇಳಿಯಲು ಬಿಡುವುದಿಲ್ಲ ಆಂಟಿ, ನೀವು ಆಚೆ ಗಾಜಿನ ತಳದ ದೋಣಿಯಲ್ಲಿ ಕೂತು ನೋಡಬಹುದು ಎಂದಳು.

ಉಳಿದ ಹಾಳೆಗಳನ್ನೂ ನೋಡಿದೆ. ಗಂಡಸರ ಮುಂದೆ ಎಲ್ಲ ‘ಹೌದು’, ಹೆಂಗಸರ ಮುಂದೆ ಎಲ್ಲ ‘ಇಲ್ಲ’. ಮುತ್ತು ಪೋಣಿಸಿದ ಅಕ್ಷರ. ಸಾಹುಕಾರ್ರಿಗೆ ಈಜು ಬರುತ್ತದೆಂದು ಬರೆದಿತ್ತು. ಅವರು ಆ ಹೊತ್ತಿಗೆ ಏಣಿಯ ಕೊನೆಯ ಮೆಟ್ಟಿಲನ್ನು ಎರಡೂ ಕೈಯಿಂದ ಅವಚಿಕೊಂಡು, ನೀರು ತಣ್ಣಗಿದೆ ಎಂದು ಹೇಳುತ್ತ ಮೇಲೆ ಬರುತ್ತಿದ್ದರು.

ನಮ್ಮ ಮನೆಯವರು ನೆಗಡಿಯ ನೆಪ ಹೇಳಿ ದೋಣಿಯಲ್ಲೇ ಕೂತಿದ್ದರು. ಹೋಗಿ ಎದುರಿಗೆ ನಿಂತೆ.

‘ನನ್ನ ಅರ್ಜಿ ನೀವ ಬರದೀರೇನು?’

‘ಎಲ್ಲಾರ್ದೂ ನಾನ ಬರದೇನಿ. ಯಾಕ?’

‘ಈಸಾಕ ಬರೂದಿಲ್ಲಂತ ಯಾಕ ಬರದ್ರಿ?’

‘ಹೆಣ್ಮಕ್ಕಳಿಗೆ ಯಾರಿಗೆ ಬರ್ತೈತಿ? ಸುಮ್ನ ಕುಂದ್ರು. ಮಂದಿ ನೋಡಾಕತ್ತಾರ.’

ಅವತ್ತು ಬಂದಷ್ಟು ಸಿಟ್ಟು ನನಗೆ ಜೀವನದಲ್ಲಿ ಬಂದಿಲ್ಲ. ಯಾಕೆಂದರೆ ನನಗೆ ಈಜು ಬರುತ್ತಿತ್ತು. ಈ ಪ್ರವಾಸಕ್ಕೆ ಹೆಸರು ಕೊಟ್ಟ ವಾರವೇ ನಾನು ಈಜುಗೊಳಕ್ಕೆ ಸೇರಿದ್ದೆ. ಎಂಟು ತಿಂಗಳು, ದಿನಾ ಮುಂಜಾನೆ ಹತ್ತು ಗಂಟೆಗೆ ಹೆಂಗಸರ ಪಾಳಿ. ಸತ್ತೂರಿನ ಮೂಳೆ ಡಾಕ್ಟರು ನೀರಿನಲ್ಲಿ ನಡೆದರೆ ಮೊಣಕಾಲಿಗೆ ಒಳ್ಳೆಯದು ಎಂದಿದ್ದರು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಅರವತ್ತು ದಾಟಿದ ಮೈಯನ್ನು ಈಜುಡುಗೆಯೊಳಗೆ ತುರುಕಿಕೊಂಡು, ನನ್ನ ಹಳೆಯ ವಿದ್ಯಾರ್ಥಿನಿಯರ ಮಕ್ಕಳ ವಯಸ್ಸಿನ ಹುಡುಗಿಯರ ಮುಂದೆ ಮೂಗಿಗೆ ಬಾಯಿಗೆ ನೀರು ಕುಡಿದು, ಕೆಮ್ಮಿ, ಕಾಲು ಬಡಿದು ಕಲಿತೆ. ಮೊದಲ ತಿಂಗಳು ತಲೆ ಮುಳುಗಿಸಲು ಭಯವಾಗಿ ಅತ್ತಿದ್ದೆ. ಕಲಿಸುವ ಹುಡುಗಿ ನನ್ನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು, ‘ಬಿಡ್ರಿ ಅಕ್ಕೋರ, ನೀರು ಹಿಡ್ಕೋತೈತಿ’ ಎನ್ನುತ್ತಿದ್ದಳು. ನಾಲ್ಕನೆಯ ತಿಂಗಳಿಗೆ ಅಡ್ಡಗಲ ದಾಟಿದೆ, ಆರನೆಯದಕ್ಕೆ ಉದ್ದ. ಕೊನೆಯ ತಿಂಗಳು ಮುಖಕ್ಕೆ ಗಾಜು ಕಟ್ಟಿಕೊಂಡು, ಬಾಯಲ್ಲಿ ನಳಿಗೆ ಕಚ್ಚಿ ಉಸಿರಾಡುವುದನ್ನೂ ಅಭ್ಯಾಸ ಮಾಡಿದೆ.

ದಿನಾ ನನ್ನನ್ನು ಸ್ಕೂಟರಿನ ಮೇಲೆ ಬಿಟ್ಟು ಬರುತ್ತಿದ್ದವರು ಇವರೇ. ಹೆಂಗಸರ ಪಾಳಿಗೆ ಗಂಡಸರನ್ನು ಒಳಗೆ ಬಿಡುವುದಿಲ್ಲ, ಎದುರಿನ ಚಹಾದ ಅಂಗಡಿಯಲ್ಲಿ ಪೇಪರ್ ಓದುತ್ತ ಕೂಡುತ್ತಿದ್ದರು. ನಾನು ಒದ್ದೆ ತಲೆಯಲ್ಲಿ ಬಂದು ಹಿಂದೆ ಕೂತು, ‘ಇವತ್ತು ಈ ದಂಡಿಯಿಂದ ಆ ದಂಡಿಗೆ ಹೋದೆ’ ಎನ್ನುತ್ತಿದ್ದೆ. ‘ಛಲೋ ಆತು. ಮೊಣಕಾಲು ಹೆಂಗೈತಿ?’ ಎನ್ನುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಬೇಕಂತಲೇ ಇಲ್ಲವೆಂದು ಬರೆದಿದ್ದಾನೆ ಎಂದುಕೊಂಡೆ. ಉಳಿದ ಹೆಂಗಸರ ನಡುವೆ ನಾನೊಬ್ಬಳೇ ನೀರಿಗಿಳಿದರೆ ಚೆಂದ ಕಾಣುವುದಿಲ್ಲ ಅಂತಲೋ, ತಾನು ಇಳಿಯದೆ ಹೆಂಡತಿ ಇಳಿದರೆ ಮರ್ಯಾದೆ ಹೋಗುತ್ತದೆ ಅಂತಲೋ. ದಿನಾ ಎದುರಿಗೆ ಛಲೋ ಆತು ಎನ್ನುತ್ತ, ಬೆನ್ನ ಹಿಂದೆ ಪೆನ್ನಿನಿಂದ ಕಾಲು ಕಟ್ಟಿಹಾಕಿದ ಎಂದು ಕುದ್ದುಹೋದೆ.

‘ಈ ಸುಳ್ಳಿಗೆ ನಾ ಸಹಿ ಮಾಡೇನಿ. ತಪ್ಪು ನಂದೂ ಐತಿ. ಆದ್ರ ಇನ್ನ ಮ್ಯಾಲ ನನ್ನ ಹೆಸರಿನ ಮುಂದ ನೀವು ಏನೂ ಬರೀಬ್ಯಾಡ್ರಿ’ ಎಂದೆ. ಮೆಲ್ಲಗೆ ಹೇಳಲಿಲ್ಲ. ದೋಣಿಯ ಮೇಲಿದ್ದ ಎಲ್ಲರಿಗೂ ಕೇಳಿತು. ಅವರು ಏನೋ ಹೇಳಲು ಹೋದರು, ನಾನು ನಿಲ್ಲಲಿಲ್ಲ.

ಆ ಹೆಂಗಸಿನ ಮುಂದೆ ಹೋಗಿ, ಇದು ತಪ್ಪು ಬರೆದದ್ದು, ನನಗೆ ಈಜು ಬರುತ್ತದೆ, ಬೇರೆ ಹಾಳೆ ಕೊಡು ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅರವತ್ತೆರಡರ ಮುದುಕಿ, ಬಿಳಿ ಜಡೆ, ಊದಿದ ಮೊಣಕಾಲು. ಸಹಿ ನಿಮ್ಮದೇ ತಾನೆ, ನಾನು ಯಾವುದನ್ನು ನಂಬಲಿ ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ದೋಣಿಯಿಂದ ದೂರಕ್ಕೆ ಹಗ್ಗಕ್ಕೆ ಕಟ್ಟಿ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಗುಂಡನ್ನು ತೋರಿಸಿದಳು. ಅದನ್ನು ಮುಟ್ಟಿ ಬನ್ನಿ, ನಾನು ಪಕ್ಕದಲ್ಲೇ ಬರುತ್ತೇನೆ, ಆಮೇಲೆ ಹಾಳೆ ಕೊಡುತ್ತೇನೆ ಎಂದಳು.

ಚೂಡಿದಾರ ಕಳಚಿ ಬೆಂಚಿನ ಮೇಲಿಟ್ಟೆ. ನಮ್ಮ ಹೆಂಗಸರಲ್ಲಿ ಒಬ್ಬರು ‘ಅಯ್ಯ’ ಎಂದು ಮುಖ ತಿರುಗಿಸಿದರು. ತಿರುಗಿಸಲಿ. ಏಣಿ ಇಳಿದು ಮೈಯನ್ನು ನೀರಿಗೆ ಬಿಟ್ಟೆ. ಸಮುದ್ರದ ನೀರು ಈಜುಗೊಳದ ನೀರಿಗಿಂತ ಹೆಚ್ಚು ಎತ್ತಿ ಹಿಡಿಯುತ್ತದೆ, ಅದು ನನಗೆ ಪುಸ್ತಕದಿಂದ ಗೊತ್ತಿತ್ತು, ಮೈಗೆ ಅವತ್ತು ಗೊತ್ತಾಯಿತು. ಗುಂಡು ಮುಟ್ಟಿ ತಿರುಗಿ ಬಂದೆ. ಏದುಸಿರು ಬರುತ್ತಿತ್ತು, ಆದರೆ ಬಂದೆ. ಅವಳು ನಕ್ಕು ಹೊಸ ಹಾಳೆ ಕೊಟ್ಟಳು. ಏಣಿಯ ಮೇಲೆ ಕೂತು ಒದ್ದೆ ಕೈಯಲ್ಲಿ ಪ್ರತಿ ಸಾಲು ಓದಿ ಬರೆದೆ. ಹನ್ನೆರಡು ಪ್ರಶ್ನೆಗಳಿದ್ದವು. ಓದಲು ಮೂರು ನಿಮಿಷವೂ ಹಿಡಿಯಲಿಲ್ಲ.

ಮುಖಕ್ಕೆ ಗಾಜು ಕಟ್ಟಿ, ನಳಿಗೆ ಕಚ್ಚಿ, ತಲೆ ಮುಳುಗಿಸಿದೆ.

ಮೊದಲು ಬಂದದ್ದು ಸಪ್ಪಳ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸುತ್ತಲೂ ಚಟಪಟ, ಎಡೆಬಿಡದೆ. ನಾನು ಮೂವತ್ತು ವರ್ಷ ಕಲಿಸಿದ ಯಾವ ಪುಸ್ತಕದಲ್ಲೂ ಹವಳದ ದಿಬ್ಬಕ್ಕೆ ಸಪ್ಪಳವಿದೆ ಎಂದು ಬರೆದಿರಲಿಲ್ಲ. ನಾನು ಹೇಳಿದ ಸುಳ್ಳಿನಲ್ಲೂ ಅದು ಇರಲಿಲ್ಲ. ಆಮೇಲೆ ಬಣ್ಣ. ಗುಲಾಬಿ ಬಹಳ ಕಡಿಮೆ, ನಾನು ಸುಮ್ಮನೆ ಅಷ್ಟು ಸೀಮೆಸುಣ್ಣ ಸವೆಸಿದ್ದೆ. ಹೆಚ್ಚಿನದೆಲ್ಲ ಬೆಲ್ಲದ ಬಣ್ಣ, ಹುಣಸೆಯ ಬಣ್ಣ, ಅಲ್ಲಲ್ಲಿ ತುದಿಗೆ ಮಾತ್ರ ನೇರಳೆ ಅಥವಾ ನೀಲಿ. ಒಂದು ಕಡೆ ಜಿಂಕೆಯ ಕೊಂಬುಗಳಂತೆ ಕವಲೊಡೆದ ಹವಳ, ಅದರ ನಡುವೆ ಉಗುರಿನಷ್ಟು ನೀಲಿ ಮೀನುಗಳು. ನನ್ನ ನೆರಳು ಬಿದ್ದರೆ ಎಲ್ಲ ಒಮ್ಮೆಲೇ ಒಳಗೆ, ಸರಿದರೆ ಎಲ್ಲ ಒಮ್ಮೆಲೇ ಹೊರಗೆ. ಒಂದು ದೊಡ್ಡ ಹಸಿರು ಮೀನು ಗಿಣಿಯ ಕೊಕ್ಕಿನಂಥ ಬಾಯಿಂದ ಹವಳವನ್ನು ಕಟಕಟ ಕಡಿಯುತ್ತಿತ್ತು, ಕಡಿದದ್ದು ಹಿಂದಿನಿಂದ ಮರಳಾಗಿ ಉದುರುತ್ತಿತ್ತು. ದಂಡೆಯ ಬಿಳಿ ಮರಳು ಹೀಗೂ ಆಗುತ್ತದೆ ಎಂದು ನಾನು ಓದಿದ್ದೆ, ನಂಬಿರಲಿಲ್ಲ. ಇನ್ನೊಂದು ಕಡೆ ಅಂಗಳದಷ್ಟು ಜಾಗ ಸತ್ತು ಬೂದಿ ಬಣ್ಣಕ್ಕೆ ತಿರುಗಿ ಮುರಿದು ಬಿದ್ದಿತ್ತು, ಅಲ್ಲಿ ಮೀನೂ ಇರಲಿಲ್ಲ, ಸಪ್ಪಳವೂ ಇರಲಿಲ್ಲ. ಅದನ್ನೂ ನೋಡಿದೆ. ಕಣ್ಣು ತುಂಬಿ ಗಾಜಿನೊಳಗೆ ಮಬ್ಬಾಯಿತು.

ಖುಷಿಯಾಯಿತು ಎಂದು ಬರೆದರೆ ಅರ್ಧ ಸತ್ಯ. ಸಿಟ್ಟೂ ಅಷ್ಟೇ ಇತ್ತು. ಐದು ದಿನ ನಾನು ಒಲೆಯ ಮುಂದೆ ನಿಂತಿದ್ದ ಕಿಟಕಿಯಿಂದ ಇಂಥದೇ ದಿಬ್ಬ ಕಾಣುತ್ತಿತ್ತು. ಎದ್ದು ಹೋಗಿದ್ದರೆ ಯಾರು ಹಿಡಿಯುತ್ತಿದ್ದರು? ಒಂದು ಹೊತ್ತು ಇಪ್ಪತ್ತೆರಡು ಮಂದಿ ಬ್ರೆಡ್ಡು ಹಣ್ಣು ತಿಂದಿದ್ದರೆ ಯಾರೂ ಸಾಯುತ್ತಿರಲಿಲ್ಲ. ನೀರಿನೊಳಗೆ ಮುಖವಿಟ್ಟು, ನಳಿಗೆಯಲ್ಲಿ ಉಸಿರಾಡುತ್ತ, ನಾನು ಎಲ್ಲರನ್ನೂ ಬೈದೆ. ಸಾಹುಕಾರ್ರನ್ನು, ನಮ್ಮ ಮನೆಯವರನ್ನು, ಹಿಟ್ಟಿನ ಕೈಯಲ್ಲಿ ಸಹಿ ಮಾಡಿದ ನನ್ನನ್ನು. ಮೇಲೆ ಹೋದ ಮೇಲೆ ನಮ್ಮ ಮನೆಯವರಿಗೆ ಏನೇನು ಹೇಳಬೇಕೆಂದು ಒಂದೊಂದೇ ಮಾತು ಜೋಡಿಸಿಕೊಂಡೆ. ಸೀಟಿ ಊದಿದರು. ಕೇಳದವಳಂತೆ ಇನ್ನೂ ಸ್ವಲ್ಪ ಹೊತ್ತು ಇದ್ದೆ. ಎರಡನೆಯ ಸೀಟಿಗೆ ಆ ಹೆಂಗಸೇ ಬಂದು ಭುಜ ಮುಟ್ಟಿದಳು.

ಏಣಿಯ ತುದಿಯಲ್ಲಿ ನಮ್ಮ ಮನೆಯವರು ಟವೆಲ್ ಹಿಡಿದು ನಿಂತಿದ್ದರು. ಮುಖ ಬಿಳಿಚಿತ್ತು. ಟವೆಲ್ ನನ್ನ ಹೆಗಲಿಗೆ ಹಾಕಿದರು. ಜೋಡಿಸಿಟ್ಟುಕೊಂಡ ಮೊದಲ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಹೇಳಿದರು: ‘ಖರೇನ, ನಿನಗ ಈಸಾಕ ಬರ್ತೈತಿ ಅಂತ ನನಗ ಗೊತ್ತಿರಲಿಲ್ಲ.’

ನಾಟಕವೇನೋ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ನಾಟಕವಾಗಿರಲಿಲ್ಲ. ಬೇಕಂತ ಬರೆದಿದ್ದರೆ ಅದು ದ್ರೋಹ, ಅದಕ್ಕೆ ಜಗಳವಾಡಬಹುದಿತ್ತು, ಅವರು ತಪ್ಪೊಪ್ಪಿಕೊಳ್ಳಬಹುದಿತ್ತು. ಅವರು ತಮಗೆ ತಿಳಿದ ಸತ್ಯವನ್ನೇ ಬರೆದಿದ್ದರು. ಎಂಟು ತಿಂಗಳು ಸ್ಕೂಟರಿನ ಹಿಂದೆ ಕೂತು ನಾನು ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಮೊಣಕಾಲು ಒಂದೇ. ಜೋಡಿಸಿದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ತಲೆಯಿಂದ ನೀರು ಇಳಿಯುತ್ತಿತ್ತು. ಅವರು ನನ್ನ ಬೆನ್ನು ಒರೆಸುತ್ತ, ನಿಜವಾದ ಅಚ್ಚರಿಯಿಂದ ಕೇಳಿದರು:

‘ಯಾವಾಗ ಕಲ್ತಿ?’